ತೊಗರಿ ಹೊಲದ ಬದುವಿನ ಹಸಿರು ಬಿಲ್ಲೆ

ಪ್ರಶ್ನೆ: ಅಕ್ಕೋರೆ, ಶರಣು. ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಶ್ರಾವಣ ಬಂತೆಂದರೆ ತೊಗರಿ ಹೊಲದ ಬದುವಿನ ಮೇಲೆ, ಸಾಲಿನ ನಡುವೆ, ಹಿತ್ತಲ ಹಾಸುಗಲ್ಲಿನ ಸಂದಿನಲ್ಲಿ ಎಂಟಾಣೆ ಅಗಲದ ಹಸಿರು ಬಿಲ್ಲೆಗಳು ಏಳುತ್ತವೆ. ನೆಲಕ್ಕೆ ಅಂಟಿಕೊಂಡೇ ಇರುತ್ತವೆ, ಎತ್ತರ ಅನ್ನುವುದೇ ಇಲ್ಲ. ನಮ್ಮತ್ತೆ ಪಾಚಿ ಅಂತಾರೆ. ಪಿಯುಸಿ ಓದುವ ಮಗ ಲಿವರ್‌ವರ್ಟ್ ಅಂತಾನೆ. ಅದು ಮಲೆನಾಡಿನ ಗಿಡ ಅಲ್ವಾ, ಈ ಬಿಸಿಲಿನ ಸೀಮೆಗೆ ಹೇಗೆ ಬಂತು? ದೀಪಾವಳಿ ಹೊತ್ತಿಗೆ ಎಲ್ಲ ಮಾಯವಾಗುತ್ತದೆ. ಬೆಳೆಗೆ ತೊಂದರೆ ಇದೆಯಾ? ಕಸಕ್ಕೆ ಹೊಡೆಯುವ ಎಣ್ಣೆ ಹೊಡೆಯಬೇಕಾ? ಒಂದಿಷ್ಟು ಕಾಗದದಲ್ಲಿ ಸುತ್ತಿ ಕಳಿಸಿದ್ದೇನೆ.
— ಓದುಗರು, ಸೇಡಂ ತಾಲ್ಲೂಕು

ಉತ್ತರ: ತಂಗಿ, ಮೊದಲು ಎಣ್ಣೆ ಡಬ್ಬಿ ಕೆಳಗಿಡಿ. ಮಗ ಹೇಳಿದ್ದು ಸರಿ, ಇದು ಲಿವರ್‌ವರ್ಟ್, ಹೂವು ಬೀಜ ಬಿಡದ ಸಣ್ಣ ಗಿಡಗಳ ಗುಂಪಿನದು. ಕುಲದ ಹೆಸರು ರಿಕ್ಸಿಯಾ. ನೀವು ಮಣ್ಣಿನ ಹೆಂಟೆ ಸಮೇತ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಪೊಟ್ಟಣ ಬಿಚ್ಚಿದಾಗ ಗಿಡ ಒಣಗಿ ಮುದುಡಿಕೊಂಡಿತ್ತು. ಬೇರೆ ಯಾರಾದರೂ ಸತ್ತಿದೆ ಎಂದು ಎಸೆಯುತ್ತಿದ್ದರು. ತಟ್ಟೆಯಲ್ಲಿಟ್ಟು ನೀರು ಚಿಮುಕಿಸಿದೆ. ಒಲೆ ಮೇಲಿನ ಚಹಾ ಕುದಿಯುವಷ್ಟರಲ್ಲಿ ಅಂಚು ಬಿಚ್ಚಿಕೊಂಡು ನೆಲಕ್ಕೆ ಮಲಗಿತು.

ನಿಮ್ಮ ಅತ್ತೆಯವರ ಮಾತಿಗೂ ಕಾರಣ ಇದೆ. ಒದ್ದೆ ಜಾಗದಲ್ಲಿ ಹಸಿರಾಗಿ ಕಂಡಿದ್ದಕ್ಕೆಲ್ಲ ನಮ್ಮ ಕಡೆ ಪಾಚಿ ಎನ್ನುವುದೇ ವಾಡಿಕೆ. ಆದರೆ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿಸುತ್ತದಲ್ಲ, ಆ ಲೋಳೆ ಪಾಚಿಗೂ ಇದಕ್ಕೂ ದೂರದ ಸಂಬಂಧ. ಬೆರಳಿನಿಂದ ಉಜ್ಜಿ ನೋಡಿ. ಪಾಚಿ ಕೈಗೆ ಲೋಳೆಯಾಗಿ ಅಂಟುತ್ತದೆ. ರಿಕ್ಸಿಯಾ ಮಣ್ಣು ಬಿಡುವುದಿಲ್ಲ. ಉಗುರು ಹಾಕಿ ಎತ್ತಿದರೆ ದಪ್ಪನೆಯ, ಗಟ್ಟಿ ತುಂಡು ಕೈಗೆ ಬರುತ್ತದೆ.

ಮಗನ ಹತ್ತಿರ ಕಾಲೇಜಿನ ಲೆನ್ಸ್ ಇದ್ದರೆ ಇಸಿದುಕೊಂಡು ನೋಡಿ. ನೀವು ಬಿಲ್ಲೆ ಎಂದು ಕರೆದದ್ದರಲ್ಲಿ ನಡುವಿನಿಂದ ಸುತ್ತಲೂ ಪಟ್ಟಿಗಳು ಹೊರಟಿರುತ್ತವೆ. ಒಂದೊಂದು ಪಟ್ಟಿ ಒಂದೆರಡು ಮಿಲಿಮೀಟರ್ ಅಗಲ. ಸ್ವಲ್ಪ ಮುಂದೆ ಹೋಗಿ ಅದು ಎರಡಾಗಿ ಕವಲೊಡೆಯುತ್ತದೆ. ಆ ಕವಲು ಮತ್ತೆ ಎರಡಾಗುತ್ತದೆ. ಪ್ರತಿ ಪಟ್ಟಿಯ ನಡುವೆ ಉದ್ದಕ್ಕೂ ಒಂದು ತೋಡು ಇರುತ್ತದೆ. ತುದಿಯಲ್ಲಿ ಸಣ್ಣ ಕಚ್ಚು. ಗಿಡ ಬೆಳೆಯುವುದು ಆ ಕಚ್ಚಿನಿಂದಲೇ. ಬೇರಿಲ್ಲ, ಕಾಂಡ ಇಲ್ಲ, ಎಲೆ ಇಲ್ಲ, ಹೂವಿಲ್ಲ, ಬೀಜ ಇಲ್ಲ. ಇರುವುದೆಲ್ಲ ಈ ಪಟ್ಟಿ ಮಾತ್ರ. ಹಿಂದಿನ ಭಾಗ ಹಳೆಯದಾಗಿ ಕೊಳೆತಾಗ ಎರಡು ಕವಲು ಬೇರೆ ಬೇರೆಯಾಗುತ್ತವೆ. ಒಂದು ಗಿಡ ಇದ್ದಲ್ಲಿ ಎರಡು ಗಿಡ. ಖರ್ಚಿಲ್ಲದ ಸಂಸಾರ.

ಈಗ ಒಂದನ್ನು ನಿಧಾನವಾಗಿ ತಿರುಗಿಸಿ. ಕೆಳಗಡೆ ಬಿಳಿ ಎಳೆಗಳು ಮಣ್ಣು ಹಿಡಿದಿರುತ್ತವೆ. ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಕೆಲವು ನುಣ್ಣಗೆ, ಕೆಲವುಗಳ ಒಳಗೋಡೆಯಲ್ಲಿ ಸಣ್ಣ ಗುಬುಟುಗಳು. ಅದನ್ನು ನೋಡಲು ಮೈಕ್ರೋಸ್ಕೋಪ್ ಬೇಕು. ಆದರೆ ಬದಿಗಳಲ್ಲಿರುವ ನೇರಳೆ ಬಣ್ಣದ ಹಾಳೆಗಳು ಲೆನ್ಸಿನಲ್ಲೇ ಕಾಣುತ್ತವೆ. ನೀವು ಕಳಿಸಿದ ಗಿಡದಲ್ಲಿ ಬದಿಯೆಲ್ಲ ಗಾಢ ನೇರಳೆ, ಮೇಲ್ಗಡೆ ಹಸಿರು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಇವೆಲ್ಲ ಸೇರಿಸಿ ನೋಡಿದರೆ ರಿಕ್ಸಿಯಾ ಡಿಸ್ಕಲರ್ ಎಂಬ ಜಾತಿಗೆ ಹೊಂದುತ್ತದೆ. ಭಾರತದ ಬಯಲು ಸೀಮೆಯಲ್ಲಿ ಮಳೆಗಾಲಕ್ಕೆ ಕಾಣುವ ರಿಕ್ಸಿಯಾಗಳಲ್ಲಿ ಇದೂ ಒಂದು.

ಇನ್ನು ಮಲೆನಾಡಿನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಕೂರಿಸಿ ಬರೆಸಿದ್ದು ಈ ಒಂದು ಸಾಲು. ಇದು ದಾರಿ ತಪ್ಪಿ ಬಂದ ಗಿಡ ಎಂದು ನೀವು ತಿಳಿದಿದ್ದೀರಿ. ನಿಮ್ಮೊಬ್ಬರ ತಿಳಿವಳಿಕೆ ಅಲ್ಲ, ಪಾಠ ಮಾಡುವವರಲ್ಲೂ ಇದೇ ಇದೆ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರವಾಸ ಎಂದರೆ ಘಟ್ಟಕ್ಕೆ ಹೋಗುವುದು ಎಂದೇ ಅರ್ಥ. ಮಕ್ಕಳು ರಾತ್ರಿ ಬಸ್ಸು ಹತ್ತುವರು. ಬಸ್ಸು ಕಲಬುರಗಿ ದಾಟಿ ಮೈಲುಗಟ್ಟಲೆ ತೊಗರಿ ಹೊಲಗಳ ನಡುವೆ ಹೋಗುವುದು. ಅಲ್ಲಿ ಬದುವಿನ ಮೇಲೆ ರಿಕ್ಸಿಯಾ ಹಾಸಿಕೊಂಡಿರುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ. ಲ್ಯಾಬಿನಲ್ಲಿ ಮಾತ್ರ ಫಾರ್ಮಾಲಿನ್ ಬಾಟಲಿಯಲ್ಲಿ ಬಣ್ಣ ಕಳೆದುಕೊಂಡ ಒಂದು ರಿಕ್ಸಿಯಾ ಇತ್ತು. ಪರೀಕ್ಷೆಗೆ ಅದೇ ಹೊರಗೆ ಬರುತ್ತಿತ್ತು.

ಮಲೆನಾಡಿನಲ್ಲಿ ಲಿವರ್‌ವರ್ಟ್ ಜಾಸ್ತಿ, ನಿಜ. ಆದರೆ ಅಲ್ಲಿನ ಬಳಗವೇ ಬೇರೆ. ಮರದ ತೊಗಟೆ ಮೇಲೆ, ಎಲೆಗಳ ಮೇಲೆ, ಸದಾ ನೀರು ತೊಟ್ಟಿಕ್ಕುವ ಬಂಡೆಗಳ ಮೇಲೆ ಬೆಳೆಯುವಂಥವು. ಅವಕ್ಕೆ ಬಹುಪಾಲು ವರ್ಷವೆಲ್ಲ ತೇವ ಬೇಕು. ರಿಕ್ಸಿಯಾಕ್ಕೆ ಬೇಕಾದದ್ದು ಬೇರೆಯೇ. ಬರಿ ನೆಲ ಬೇಕು, ಮೇಲೆ ಬೆಳಕು ಬೇಕು, ಕೆಲವು ವಾರ ತೇವ ಬೇಕು. ಆಮೇಲೆ ಒಣಗಿದರೆ ಅದರದೇನೂ ತಕರಾರಿಲ್ಲ. ಕಾಡಿನಲ್ಲಿ ಉದುರಿದ ಎಲೆ ಅದನ್ನು ಮುಚ್ಚಿಬಿಡುತ್ತದೆ. ದಟ್ಟ ಹುಲ್ಲು ಇದ್ದರೆ ಬೆಳಕು ಸಿಗುವುದಿಲ್ಲ. ಜಗತ್ತಿನಲ್ಲಿ ರಿಕ್ಸಿಯಾ ಜಾತಿಗಳು ತುಂಬಾ ಇರುವ ಕಡೆ ಯಾವುದು ಗೊತ್ತಾ? ದಕ್ಷಿಣ ಆಫ್ರಿಕಾ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳು. ಒಂದು ಋತು ಮಳೆ, ಉಳಿದದ್ದು ಒಣ ಬಿಸಿಲು ಇರುವ ಸೀಮೆಗಳು. ನಮ್ಮ ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ ಹವೆಯೂ ಇದೇ ಸಾಲಿನದು.

ನಿಮ್ಮ ಹೊಲವನ್ನೇ ತೆಗೆದುಕೊಳ್ಳಿ. ಜೂನ್‌ನಲ್ಲಿ ಬಿತ್ತಿದ ತೊಗರಿ ಮೊದಲ ಒಂದೂವರೆ ತಿಂಗಳು ಮೇಲೆ ಏಳುವುದೇ ಇಲ್ಲ. ರೈತರಿಗೆ ಗೊತ್ತಿರುವ ಮಾತೇ ಇದು. ಮೇಲೆ ಸುಮ್ನೆ ನಿಂತಂತೆ ಕಾಣುತ್ತದೆ, ಕೆಳಗೆ ಬೇರು ಇಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಸಾಲಿನ ನಡುವೆ ಅಗಲ ಜಾಗ, ಪೂರ್ತಿ ಬೆಳಕು, ತೇವ ಹಿಡಿದ ಎರೆ ಮಣ್ಣು. ರಿಕ್ಸಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ತೊಗರಿ ಟೊಂಗೆ ಹರಡಿ ನೆರಳು ಮಾಡುವ ಮುಂಚೆ ಅದು ತನ್ನ ಕೆಲಸ ಮುಗಿಸಿಕೊಳ್ಳುತ್ತದೆ.

ಒಂದೇ ಹೊಲದಲ್ಲಿ ಬರವನ್ನು ಎದುರಿಸುವ ಎರಡು ಬಗೆ ಹೇಗಿವೆ ನೋಡಿ. ತೊಗರಿ ನೀರನ್ನು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ. ಸಿಕ್ಕ ನೀರು ಹಾರಿ ಹೋಗದಂತೆ ಎಲೆಯ ಸಣ್ಣ ಬಾಯಿಗಳನ್ನು ಬಿಸಿಲಿನಲ್ಲಿ ಮುಚ್ಚಿಕೊಳ್ಳುತ್ತದೆ. ರಿಕ್ಸಿಯಾಕ್ಕೆ ಆ ಬಾಯಿಗಳೇ ಇಲ್ಲ. ಯಾವ ಲಿವರ್‌ವರ್ಟ್‌ಗೂ ಇಲ್ಲ. ಅದರ ಮೇಲ್ಭಾಗದಲ್ಲಿ ಜೀವಕೋಶಗಳು ಕಂಬಗಳಾಗಿ ಸಾಲಾಗಿ ನಿಂತಿರುತ್ತವೆ. ಕಂಬ ಕಂಬಗಳ ನಡುವೆ ಗಾಳಿ ಆಡುವ ಸಂದು. ಈ ಸಂದುಗಳನ್ನು ಮುಚ್ಚುವ ಉಪಾಯ ಗಿಡಕ್ಕೆ ಇಲ್ಲ. ಹಾಗಾಗಿ ನೀರನ್ನು ಉಳಿಸಿಕೊಳ್ಳುವ ಗೋಜಿಗೇ ಅದು ಹೋಗುವುದಿಲ್ಲ. ಮಣ್ಣು ಒಣಗಿದರೆ ತಾನೂ ಒಣಗುತ್ತದೆ. ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಬದಿಯ ನೇರಳೆ ಹಾಳೆಗಳು ಆಗ ಮೇಲೆ ಬಂದು ಹಸಿರನ್ನು ಮುಚ್ಚುತ್ತವೆ. ಆಗಸ್ಟಿನಲ್ಲಿ ಮಳೆ ಕೈಕೊಟ್ಟಾಗ ನಿಮಗೆ ಬದುವಿನ ಮೇಲೆ ಕಪ್ಪು ನೇರಳೆ ಚೂರುಗಳು ಕಂಡಿರಬಹುದು. ಅದು ಇದೇ. ಮತ್ತೆ ಒಂದು ಹನಿ ಬಿದ್ದರೆ ಹಸಿರು.

ದೀಪಾವಳಿಗೆ ಎಲ್ಲಿ ಹೋಗುತ್ತದೆ ಎಂದು ಕೇಳಿದ್ದೀರಿ. ಅದಕ್ಕೂ ಮುಂಚಿನ ಕತೆ ಹೇಳಬೇಕು. ಪಟ್ಟಿಯ ನಡುವಿನ ತೋಡು ಇದೆಯಲ್ಲ, ಗಂಡು ಹೆಣ್ಣಿನ ಅಂಗಗಳು ಹುಟ್ಟುವುದು ಅಲ್ಲೇ. ಮಳೆ ನೀರು ತೋಡಿನಲ್ಲಿ, ಮಣ್ಣಿನ ಮೇಲೆ ತೆಳುವಾಗಿ ನಿಂತಾಗ ಗಂಡು ಗಿಡದ ಕಣಗಳು ಎರಡು ಬಾಲ ಆಡಿಸುತ್ತ ಈಜಿಕೊಂಡು ಹೆಣ್ಣು ಗಿಡ ಸೇರುತ್ತವೆ. ಇಷ್ಟಕ್ಕೆ ಮಾತ್ರ ಅದಕ್ಕೆ ನಿಂತ ನೀರು ಬೇಕೇ ಬೇಕು. ಗರ್ಭ ಕಟ್ಟಿದ ಮೇಲೆ ಪಟ್ಟಿಯ ಒಳಗೆ ಒಂದು ಸಣ್ಣ ಗೋಲಿ ಬೆಳೆಯುತ್ತದೆ. ಬೇರೆ ಬಹುಪಾಲು ಲಿವರ್‌ವರ್ಟ್‌ಗಳಲ್ಲಿ ಈ ಗೋಲಿಗೆ ದೇಟು ಇರುತ್ತದೆ, ಮೇಲಕ್ಕೆತ್ತಿ ಬೀಜಕ, ಅಂದರೆ ಹೊಸ ಗಿಡ ಹುಟ್ಟಿಸುವ ಧೂಳಿನಂಥ ಕಣ, ಹಾರಿಸಲು. ರಿಕ್ಸಿಯಾದಲ್ಲಿ ದೇಟೂ ಇಲ್ಲ, ಬುಡವೂ ಇಲ್ಲ. ಇಷ್ಟು ಸರಳ ಕಟ್ಟು ಈ ಗುಂಪಿನಲ್ಲಿ ಮತ್ತೆ ಸಿಗುವುದು ಕಷ್ಟ. ಬಲಿತ ಮೇಲೆ ಮೇಲಿನಿಂದಲೇ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಗಣಪತಿ ಹಬ್ಬದ ನಂತರ ಲೆನ್ಸ್ ಹಿಡಿದು ನೋಡಿ.

ಹಾಗಾದರೆ ಬೀಜಕಗಳು ಹೊರಗೆ ಬರುವುದು ಹೇಗೆ? ತಾಯಿ ಗಿಡ ಕೊಳೆತು ಹೋಗಬೇಕು. ಅದೊಂದೇ ದಾರಿ. ಆದ್ದರಿಂದ ದೀಪಾವಳಿಗೆ ನಿಮ್ಮ ಬಿಲ್ಲೆಗಳು ಮಾಯವಾದವು ಎಂದರೆ ಬಿತ್ತನೆ ಮುಗಿಯಿತು ಎಂದು ತಿಳಿಯಿರಿ. ಬೀಜಕದ ಗೋಡೆ ದಪ್ಪ, ಮೇಲೆ ಏಣುಗಳ ಜಾಲ. ಗಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಕಣ್ಣಿಗೆ ಕಾಣದಿದ್ದರೂ ಲಿವರ್‌ವರ್ಟ್ ಲೆಕ್ಕದಲ್ಲಿ ಇದು ದೊಡ್ಡದು. ಗಾಳಿಗೆ ದೂರ ಹಾರುವಷ್ಟು ಹಗುರ ಅಲ್ಲ. ಹರಿಯುವ ನೀರಿನ ಜೊತೆ, ಎತ್ತಿನ ಗೊರಸಿಗೆ, ನಿಮ್ಮ ಚಪ್ಪಲಿಗೆ ಅಂಟಿದ ಮಣ್ಣಿನ ಜೊತೆ ಹೋಗುತ್ತದೆ. ಹೊಲದಿಂದ ಹಿತ್ತಲಿಗೆ ಬಂದದ್ದೂ ಹೀಗೇ ಇರಬೇಕು. ಬೇಸಿಗೆಯಲ್ಲಿ ಎರೆ ನೆಲ ಬಿರಿಯುತ್ತದಲ್ಲ, ಆ ಬಿರುಕಿಗೆ ಮೇಲಿನ ಮಣ್ಣು ಉದುರುತ್ತದೆ, ಬೀಜಕವೂ ಅದರ ಜೊತೆ ಇಳಿಯುತ್ತದೆ. ಹರಗಿದಾಗ, ಎಡೆ ಹೊಡೆದಾಗ ಮೇಲೆ ಬಂದದ್ದಕ್ಕೆ ಬೆಳಕು ಸಿಗುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುವ ತಾಕತ್ತು ಅದಕ್ಕಿದೆ. ಇಷ್ಟಲ್ಲದೆ ಡಿಸ್ಕಲರ್ ಜಾತಿಗೆ ಇನ್ನೊಂದು ಉಪಾಯ ಉಂಟು. ಮಳೆಗಾಲ ಮುಗಿಯುವಾಗ ಪಟ್ಟಿಯ ತುದಿ ದಪ್ಪಗಾಗಿ, ಸಣ್ಣ ಗಡ್ಡೆಯಾಗಿ ಮಣ್ಣಿನೊಳಗೆ ಇಳಿಯುತ್ತದೆ. ಮುಂದಿನ ಮುಂಗಾರಿಗೆ ಅಲ್ಲಿಂದಲೇ ಹೊಸ ಪಟ್ಟಿ ಹೊರಡುತ್ತದೆ.

ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳನ್ನು ಹೀಗೆ ನೆಲದೊಳಗೆ ಕಳೆಯುವ ಗಿಡವನ್ನು ಮಲೆನಾಡಿನದು ಎಂದು ಹೇಗೆ ಹೇಳುವುದು? ನನ್ನ ಕೇಳಿದರೆ ಇದು ಜೋಳ, ತೊಗರಿಗಿಂತ ಹಳೆಯ ನಿವಾಸಿ. ನಮ್ಮ ಎರೆ ಮಣ್ಣಿಗೆ ಮೂಲವಾದ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಲಿವರ್‌ವರ್ಟ್‌ಗಳ ವಂಶ ಅದಕ್ಕಿಂತ ಎಷ್ಟೋ ಮುಂಚಿನದು.

ಬೆಳೆಗೆ ತೊಂದರೆ ಏನೂ ಇಲ್ಲ. ಬೇರೇ ಇಲ್ಲದ ಗಿಡ ನಿಮ್ಮ ತೊಗರಿಯ ನೀರು, ಗೊಬ್ಬರ ಕಸಿಯುವುದು ಎಲ್ಲಿಂದ? ಎಡೆಕುಂಟೆ ಹೊಡೆದಾಗ ಅದು ತಾನಾಗಿಯೇ ಮಣ್ಣಿನಲ್ಲಿ ಸೇರುತ್ತದೆ. ಹಿತ್ತಲಲ್ಲಿ ಮಾತ್ರ ಒಂದು ವಿಷಯ ಗಮನಿಸಿ. ಅದು ಬೇಸಿಗೆಯಲ್ಲೂ ಹಸಿರಾಗಿಯೇ ಇದ್ದರೆ ಬಚ್ಚಲ ನೀರು ಸರಿಯಾಗಿ ಹೋಗದೆ ಅಲ್ಲೇ ಇಂಗುತ್ತಿದೆ ಎಂದರ್ಥ. ಆಗ ರಿಪೇರಿ ಆಗಬೇಕಾದದ್ದು ಗಟಾರ.

ಪ್ರಶ್ನೆ: ಮೇಡಂ, ನಮ್ಮ ಬೀದರಿನ ಹಳೆಯ ಬಾವಿಯೊಂದರ ಒಳಗೋಡೆ ಬೆಳಗಿನ ಹೊತ್ತು ಹಳದಿ ಹಸಿರಾಗಿ ಮಿನುಗುತ್ತದೆ. ಮೆಟ್ಟಿಲ ಮೇಲೆ ಒಂದು ಕಡೆ ನಿಂತರೆ ಕಾಣುತ್ತದೆ, ಪಕ್ಕಕ್ಕೆ ಸರಿದರೆ ಇಲ್ಲ. ಹಿರಿಯರು ಏನೇನೋ ಹೇಳುತ್ತಾರೆ. ನೀವೇನು ಹೇಳುತ್ತೀರಿ?
— ಓದುಗರು, ಬೀದರ

ಉತ್ತರ: ಪಕ್ಕಕ್ಕೆ ಸರಿದರೆ ಕಾಣುವುದಿಲ್ಲ ಎಂದು ಬರೆದಿರಲ್ಲ, ಸುಳಿವು ಅಲ್ಲೇ ಇದೆ. ಅದು ತಾನೇ ಬೆಳಗುವ ಬೆಳಕಲ್ಲ, ಬಾವಿಯ ಬಾಯಿಂದ ಬಂದ ಬೆಳಕು ತಿರುಗಿ ನಿಮ್ಮ ಕಣ್ಣಿಗೆ ಬೀಳುತ್ತಿದೆ. ಹೀಗೆ ಮಿನುಗುವ ಲಿವರ್‌ವರ್ಟ್ ಒಂದಿದೆ, ಸಯಾಥೋಡಿಯಂ. ಹಳೆಯ ಬಾವಿ, ಗುಹೆ ಬಾಯಿ, ನೆರಳಿರುವ ಒದ್ದೆ ಇಟ್ಟಿಗೆ ಗೋಡೆ, ಇವೇ ಅದರ ಜಾಗ. ರಿಕ್ಸಿಯಾಕ್ಕೆ ಬೇಕಾದ ಬಿಸಿಲು ಇದಕ್ಕೆ ಆಗುವುದೇ ಇಲ್ಲ. ಮೈ ಎಷ್ಟು ತೆಳು ಎಂದರೆ ಬಹುಭಾಗ ಮೇಲೊಂದು, ಕೆಳಗೊಂದು ಜೀವಕೋಶದ ಪದರ, ನಡುವೆ ಗಾಳಿಯ ಕೋಣೆ. ಕತ್ತಲಲ್ಲಿ ಸಿಗುವ ಅಲ್ಪ ಬೆಳಕಿನಲ್ಲೇ ಬದುಕಬೇಕಲ್ಲ, ದಪ್ಪ ಮೈ ಕಟ್ಟಿಕೊಂಡರೆ ಸಾಕುವುದು ಹೇಗೆ? ಒಂದು ಚೂರು ಕಿತ್ತು ಹೊರಗೆ ತಂದರೆ ಮಿನುಗು ಹೋಗಿ ತಿಳಿ ಹಸಿರು ಮಾತ್ರ ಉಳಿಯುತ್ತದೆ. ಚಿತ್ರ ಕಳಿಸಿದ್ದರೆ ಇನ್ನೂ ಖಚಿತವಾಗಿ ಹೇಳಬಹುದಿತ್ತು, ಆದರೆ ನಿಮ್ಮ ವರ್ಣನೆ ಇದಕ್ಕೇ ಹೊಂದುತ್ತದೆ.

ಬೀದರಿನ ನೆಲ ಇಂಥವಕ್ಕೆ ಅನುಕೂಲ. ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕಲ್ಲಿನ ತುಂಬಾ ತೂತು. ಮಳೆ ನೀರು ಅದರೊಳಗೆ ಇಳಿದು, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ ಎರಡಕ್ಕೂ ನೀರು ಬರುವುದು ಇದೇ ಲೆಕ್ಕದಲ್ಲಿ. ನೆಲದಡಿ ನೀರು ಹರಿಸುವ, ಬಹಮನಿಯವರ ಕಾಲದ ಕರೇಜ್ ಸುರಂಗಗಳು ಹುಟ್ಟಿಕೊಂಡದ್ದೂ ಈ ಕಲ್ಲಿನ ಗುಣದಿಂದಲೇ. ಬಾವಿಯ ಗೋಡೆ ಮಳೆ ನಿಂತ ಮೇಲೂ ಬಹಳ ದಿನ ಒದ್ದೆ ಇರುವುದು ಅದಕ್ಕೇ. ದಯವಿಟ್ಟು ಗೋಡೆ ಕೆರೆಯಬೇಡಿ. ಬಾವಿ ಶುಚಿ ಮಾಡುವ ಉತ್ಸಾಹದಲ್ಲಿ ಸುಣ್ಣ ಬಳಿಯುವವರಿಗೂ ಒಂದು ಮಾತು ಹೇಳಿ. ಹೂಳು ತೆಗೆಯಲಿ, ಪ್ಲಾಸ್ಟಿಕ್ ತೆಗೆಯಲಿ, ಗೋಡೆಯ ತಂಟೆಗೆ ಹೋಗುವುದು ಬೇಡ.

ಪ್ರಶ್ನೆ: ಊಟಿ ಪ್ರವಾಸಕ್ಕೆ ಹೋದಾಗ ಜರಿಗಿಡದ ಕುಂಡ ತಂದಿದ್ದೆ. ಈಗ ಕುಂಡದ ತುಂಬಾ ಹಸಿರು ನಾಲಿಗೆಗಳು ಹಬ್ಬಿವೆ. ಮೇಲೆ ಸಣ್ಣ ಬಟ್ಟಲುಗಳು, ಬಟ್ಟಲೊಳಗೆ ಹಸಿರು ಕಣಗಳು. ಇದನ್ನು ಅರೆದು ಕುಡಿದರೆ ಕಾಮಾಲೆ ಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ, ನಿಜವಾ?
— ಓದುಗರು, ಕಲಬುರಗಿ

ಉತ್ತರ: ಕುಡಿಯಬೇಡಿ. ಇದರ ಆಕಾರ ಪಿತ್ತಜನಕಾಂಗದ ಹಾಲೆಗಳಿಗೆ ಹೋಲುತ್ತದೆ, ಆದ್ದರಿಂದ ಆ ಅಂಗದ ರೋಗಕ್ಕೆ ಇದೇ ಮದ್ದು ಎಂದು ಹಳೆಯ ಕಾಲದ ಯುರೋಪಿನವರು ನಂಬಿದ್ದರು. ಆಕಾರ ನೋಡಿ ಔಷಧಿ ನಿರ್ಧರಿಸುವ ಪದ್ಧತಿ ಅದು. ವಾಟ್ಸಾಪಿಗೆ ಅದು ಈಗ ತಲುಪಿದೆ. ಕಣ್ಣು ಹಳದಿಯಾದರೆ ಡಾಕ್ಟರ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಕಾಮಾಲೆಗೆ ಕಾರಣ ಹಲವಾರು. ತಡ ಮಾಡಿದರೆ ಜೀವಕ್ಕೇ ಕುತ್ತು.

ಗಿಡದ ಹೆಸರು ಮಾರ್ಕಾನ್ಶಿಯಾ. ಇದು ನಿಜಕ್ಕೂ ಅತಿಥಿ. ತಂಪು, ನೆರಳು, ಗೊಬ್ಬರ ಹಾಕಿದ ಕುಂಡದ ಮಣ್ಣು, ದಿನಾ ನೀರು, ಇಷ್ಟಿದ್ದರೆ ಹಬ್ಬುತ್ತದೆ. ಲೋಕದ ಹಲವು ನರ್ಸರಿಗಳಿಗೆ ಇದೊಂದು ಕಾಟ. ಬಟ್ಟಲಿನಲ್ಲಿರುವ ಕಣ ಒಂದೊಂದೂ ಒಂದು ಹೊಸ ಗಿಡ. ಹನಿ ಬಟ್ಟಲಿಗೆ ಬಿದ್ದಾಗ ಚಿಮ್ಮಿ ಒಂದೆರಡು ಅಡಿ ದೂರ ಹೋಗುತ್ತದೆ. ಹಾಗಾಗಿ ನೀವು ಮೇಲಿನಿಂದ ಝಾರಿಯಲ್ಲಿ ನೀರು ಹಾಕಿದಷ್ಟೂ ಪಕ್ಕದ ಕುಂಡಗಳಿಗೂ ಹರಡುತ್ತದೆ. ಬೇಡ ಎಂದಾದರೆ ಮೇಲಿನ ಮಣ್ಣನ್ನು ಒಂದು ಬೆರಳು ಆಳ ತೆಗೆದು, ದಪ್ಪ ಮರಳು ಹಾಸಿ. ಮೇಲ್ಪದರ ಒಣಗಿದ ಮೇಲಷ್ಟೇ ನೀರು ಹಾಕಿ. ಒಂದು ಕುಂಡದಲ್ಲಿ ಉಳಿಸಿಕೊಳ್ಳುವುದಾದರೆ ಒಂದು ತಮಾಷೆ ನೋಡಲು ಸಿಗಬಹುದು. ನಾಲಿಗೆಯ ಮೇಲೆ ಸಣ್ಣ ಕೊಡೆಗಳು ಎದ್ದುಬರುತ್ತವೆ. ಕೊಡೆಯ ಅಂಚು ಬೆರಳು ಬೆರಳಾಗಿ ಇಳಿಬಿದ್ದಿದ್ದರೆ ಹೆಣ್ಣು ಗಿಡ. ಚಪ್ಪಟೆ ತಟ್ಟೆಯಾಗಿ, ಅಂಚು ಅಷ್ಟಿಷ್ಟು ಸೀಳಿದ್ದರೆ ಗಂಡು. ಕಲಬುರಗಿಯ ಮೇ ತಿಂಗಳನ್ನು ಅದು ದಾಟುವುದು ಮಾತ್ರ ಕಷ್ಟ.

ಪ್ರಶ್ನೆ: ಯಾದಗಿರಿಯಲ್ಲಿ ಮೀನಿನ ತೊಟ್ಟಿ ಮಾರುವ ಅಂಗಡಿಯವರು ಹಸಿರು ಎಳೆಗಳ ಒಂದು ಮುದ್ದೆ ಕೊಟ್ಟು ಅದರ ಹೆಸರು ರಿಕ್ಸಿಯಾ ಎಂದರು. ಅದು ನೀರಿನಲ್ಲಿ ಬೆಳೆಯುವುದಾ, ಮಣ್ಣಿನಲ್ಲಾ?
— ಓದುಗ, ಯಾದಗಿರಿ

ಉತ್ತರ: ಎರಡರಲ್ಲೂ ಬೆಳೆಯುತ್ತದೆ ತಮ್ಮಾ. ಅದು ರಿಕ್ಸಿಯಾ ಫ್ಲುಯಿಟಾನ್ಸ್. ನೀರಿನಲ್ಲಿ ತೆಳು ಎಳೆ, ಹಿಡಿದುಕೊಳ್ಳುವ ಬೇರೆಳೆಗಳಿಲ್ಲ, ಹಾಗಾಗಿ ತೇಲುತ್ತದೆ. ತೊಟ್ಟಿಯ ತಳದಲ್ಲಿ ನಿಲ್ಲಬೇಕಾದರೆ ಕಲ್ಲಿಗೆ ದಾರ ಸುತ್ತಿ ಕಟ್ಟಬೇಕು. ನೀರು ಇಳಿದು ಕೆಸರಿನ ಮೇಲೆ ಕೂತರೆ ಪಟ್ಟಿ ಅಗಲವಾಗಿ, ಮಣ್ಣು ಹಿಡಿಯುವ ಎಳೆಗಳು ಬರುತ್ತವೆ. ಎರಡೂ ರೂಪ ಒಂದೇ ಗಿಡದ್ದು ಎಂದರೆ ನೋಡಿದವರು ನಂಬುವುದಿಲ್ಲ. ತೊಟ್ಟಿ ತೊಳೆದ ನೀರನ್ನು ಮಾತ್ರ ಕೆರೆಗೆ ಚೆಲ್ಲಬೇಡ.

ಪ್ರಶ್ನೆ: ನಾನು ಬಿಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ನಮ್ಮ ಜಿಲ್ಲೆಯ ಲಿವರ್‌ವರ್ಟ್ ಮಾಡಬೇಕು ಅಂದರೆ ಸ್ನೇಹಿತರು ನಗುತ್ತಾರೆ. ಎಲ್ಲಿ ಹುಡುಕಲಿ? ಹೇಗೆ ಸಂಗ್ರಹಿಸಲಿ?
— ವಿದ್ಯಾರ್ಥಿನಿ, ಚಿಂಚೋಳಿ

ಉತ್ತರ: ನಗುವವರಿಗೆ ಶಿವರಾಮ ಕಶ್ಯಪ್ ಅವರ ಬಗ್ಗೆ ಹೇಳು. 1882ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡವರು, ಲಾಹೋರಿನಲ್ಲಿ ಪ್ರಾಧ್ಯಾಪಕರು. ಭಾರತದಲ್ಲಿ ಈ ಗಿಡಗಳ ಅಧ್ಯಯನಕ್ಕೆ ಅವರೇ ಬುನಾದಿ ಹಾಕಿದ್ದು. ಲಿವರ್‌ವರ್ಟ್‌ಗಳ ಬಗ್ಗೆ ಅವರ ದೊಡ್ಡ ಪುಸ್ತಕದ ಮೊದಲ ಭಾಗ 1929ರಲ್ಲಿ ಬಂತು, ಎರಡನೆಯದು 1932ರಲ್ಲಿ. ಅದರಲ್ಲಿ ಅವರು ಪಶ್ಚಿಮ ಹಿಮಾಲಯದ ಜೊತೆ ಪಂಜಾಬಿನ ಬಯಲನ್ನೂ ಸೇರಿಸಿಕೊಂಡರು. ಬೇಸಿಗೆಯಲ್ಲಿ ಬೆಂದು ಹೋಗುವ ಬಯಲು ಅದು, ನಮ್ಮದಕ್ಕೇನೂ ಕಡಿಮೆ ಇಲ್ಲ. ಆಮೇಲೆ 1950ರ ದಶಕದಲ್ಲಿ ಲಖನೌದ ಎಸ್. ಕೆ. ಪಾಂಡೆ ಮತ್ತು ರಾಮ್ ಉದರ್ ದೇಶದ ರಿಕ್ಸಿಯಾಗಳ ಬಗ್ಗೆಯೇ ಕೂತು ಬರೆದರು. ನಿನ್ನ ಪ್ರಾಜೆಕ್ಟಿಗೆ ಇಷ್ಟು ಹಿರಿಯರ ಬಲ ಸಾಕಲ್ವಾ?

ಜುಲೈ ಕೊನೆಯಿಂದ ಅಕ್ಟೋಬರ್ ನಡುವೆ ಹುಡುಕು. ಚಂದ್ರಂಪಳ್ಳಿ ಜಲಾಶಯದ ಅಂಚಿನಲ್ಲಿ ನೀರು ಹಿಂದಕ್ಕೆ ಸರಿದಾಗ ಉಳಿಯುವ ಕೆಸರು, ಮಳಖೇಡದ ಹತ್ತಿರ ಕಾಗಿಣಾ ದಂಡೆಯ ಮೆಕ್ಕಲು, ಹೊಲದ ಬದು, ದನ ಓಡಾಡುವ ಕಾಲುದಾರಿಯ ಪಕ್ಕ. ಹುಲ್ಲು ಕಡಿಮೆ ಇದ್ದು ಮಣ್ಣು ಕಾಣುವ ಕಡೆ ಮೊದಲು ನೋಡು. ಕಾಡಿನ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿಂಚೋಳಿ ಕಾಡು ವನ್ಯಜೀವಿ ಧಾಮ, ಅಲ್ಲಿಂದ ಒಂದು ಎಲೆ ತರುವುದಕ್ಕೂ ಕಾಗದ ಕೇಳುತ್ತಾರೆ, ಕೇಳಬೇಕಾದದ್ದೇ. ಮೊಣಕಾಲೂರಿ ಕೂರಲು ನಾಚಿಕೆ ಪಡಬೇಡ. ನಿಂತುಕೊಂಡು ಹುಡುಕುವವರಿಗೆ ಇದು ಸಿಗುವುದಿಲ್ಲ.

ಸಿಕ್ಕಾಗ ಮೊದಲು ಚಿತ್ರ ತೆಗೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ. ಬದಿ ನೇರಳೆ ಇದೆಯಾ, ಬಿಳಿ ಇದೆಯಾ, ಮೇಲ್ಮೈ ನುಣುಪಾಗಿದೆಯಾ ಅಥವಾ ತೂತು ತೂತಾಗಿದೆಯಾ ಎಂದು ಅಲ್ಲೇ ಬರೆದುಕೋ. ಚಾಕುವಿನ ತುದಿಯಿಂದ ಅರ್ಧ ಇಂಚು ಮಣ್ಣಿನ ಸಮೇತ ಎತ್ತು. ಇರುವುದರಲ್ಲಿ ಸ್ವಲ್ಪ ಮಾತ್ರ ತೆಗೆ. ಹಳೆಯ ಪೇಪರಿನ ಲಕೋಟೆ ಮಾಡಿ ಅದರಲ್ಲಿ ಹಾಕು. ದಿನಾಂಕ, ಊರು, ಮಣ್ಣು ಎರೆಯೋ ಕೆಂಪೋ, ಬಿಸಿಲೋ ನೆರಳೋ, ಇಷ್ಟನ್ನು ಲಕೋಟೆ ಮೇಲೆಯೇ ಬರಿ. ನೆರಳಿನಲ್ಲಿ ಒಣಗಿಸಿದರೆ ಸಾಕು, ಹೂವಿನ ಗಿಡದ ಹಾಗೆ ಒತ್ತಿಡಬೇಡ, ಆಕಾರ ಹಾಳಾಗುತ್ತದೆ. ಆಮೇಲೆ ಬೇಕಾದಾಗ ನೀರಿನಲ್ಲಿ ನೆನೆಸಿ ಪರೀಕ್ಷೆ ಮಾಡಬಹುದು. ಕಪ್ಪು ಚುಕ್ಕೆ ಇರುವ, ಬಲಿತ ಗಿಡಗಳನ್ನೂ ತಪ್ಪದೆ ಆರಿಸಿಕೋ. ರಿಕ್ಸಿಯಾ ಜಾತಿಗಳನ್ನು ಬೇರ್ಪಡಿಸುವುದು ಬಹುಮಟ್ಟಿಗೆ ಬೀಜಕದ ಮೇಲಿನ ಜಾಲ ನೋಡಿಯೇ. ಎಳೆಯ ಗಿಡ ತಂದರೆ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ.

ಪತ್ರದ ಜೊತೆ ಗಿಡ ಕಳಿಸುವ ಎಲ್ಲರ ಗಮನಕ್ಕೆ: ದಯವಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಬೇಡಿ. ಅಂಚೆಯಲ್ಲಿ ಬರುವಷ್ಟರಲ್ಲಿ ಬೂಸ್ಟು ಹಿಡಿದಿರುತ್ತದೆ, ನಾನು ಬೂಸ್ಟಿನ ಬಗ್ಗೆಯೇ ಉತ್ತರ ಬರೆಯಬೇಕಾಗುತ್ತದೆ. ಒಣಗಿಸಿ, ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಬರೆದು ಕಳಿಸಿ.